‘ಇನ್ನೊಂದು ಚೀಲ ಹಿಡಿತೈತಿ ಬಿಡ್ರಿ!’

ಹಾವೇರಿ ಜಿಲ್ಲೆಯ ಯಾವ ಮಾರುಕಟ್ಟೆ ಮುಂದಾದರೂ ಸರಿ, ಯಾವ ಸಿಮೆಂಟ್ ಅಂಗಡಿ ಮುಂದಾದರೂ ಸರಿ, ಹತ್ತು ನಿಮಿಷ ನಿಂತು ನೋಡಿ. ಈ ಮಾತು ಕಿವಿಗೆ ಬೀಳದೆ ಇರದು. ಹೇಳುವವರು ಅಂಗಡಿ ಸಾಹುಕಾರರು, ಕೇಳುವವನು ಪಿಕಪ್ ಗಾಡಿಯ ಡ್ರೈವರ. ಅವನು ಒಮ್ಮೆ ಹಿಂದಿನ ಟೈರು ನೋಡುತ್ತಾನೆ, ಒಮ್ಮೆ ಸಾಹುಕಾರರ ಮುಖ ನೋಡುತ್ತಾನೆ, ಸುಮ್ಮನೆ ತಲೆಯಾಡಿಸುತ್ತಾನೆ. ಒಲ್ಲೆ ಎಂದರೆ ನಾಳೆಯ ಬಾಡಿಗೆ ಇನ್ನೊಬ್ಬನ ಪಾಲು. ಹಮಾಲರು ಮತ್ತೆರಡು ಚೀಲ ಎಸೆಯುತ್ತಾರೆ. ಅದರ ಮೇಲೆ ನಾಲ್ಕು ಜನ ಏರಿ ಕೂರುತ್ತಾರೆ. ಗಾಡಿ ಹೊರಡುತ್ತದೆ. ದೇವರು ದೊಡ್ಡವನು!

ದೇವರು ದೊಡ್ಡವನೇ. ಆದರೆ ಬ್ರೇಕು ಚಿಕ್ಕದು, ಸ್ವಾಮಿ. ಅದನ್ನು ಮಾಡಿದ ಕಂಪನಿ ಒಂದು ಲೆಕ್ಕ ಇಟ್ಟು ಮಾಡಿರುತ್ತದೆ.

2005ರಲ್ಲಿ ಟಾಟಾ ಏಸ್ ಬಂದ ಮೇಲೆ ನಮ್ಮ ಸಣ್ಣ ವ್ಯಾಪಾರದ ಚಹರೆಯೇ ಬದಲಾಯಿತು. ಚಕ್ಕಡಿ ಹೋಗುತ್ತಿದ್ದ ಓಣಿಗೂ ಗೂಡ್ಸ್ ಗಾಡಿ ನುಗ್ಗಿತು. ಬೊಲೆರೊ ಪಿಕಪ್, 2011ರಿಂದ ದೋಸ್ತ್, ಹೀಗೆ ಒಂದರ ಹಿಂದೆ ಒಂದು ಬಂದವು. ಸ್ವಂತ ದುಡಿಮೆಯ ಹುಡುಗರಿಗೆ ಅನ್ನ ಸಿಕ್ಕಿತು. ರೈತನ ಮೆಣಸಿನಕಾಯಿ ಹೊಲದಿಂದ ನೇರವಾಗಿ ಬ್ಯಾಡಗಿ ಮಾರುಕಟ್ಟೆಗೆ ಬಂತು. ಇದೆಲ್ಲ ಒಳ್ಳೆಯದೇ. ಕೊಂಡವರಿಗೆ ಕೀಲಿ ಕೊಟ್ಟರು, ಕಂತಿನ ಚೀಟಿ ಕೊಟ್ಟರು. ಜೊತೆಗೊಂದು ಪುಸ್ತಕವನ್ನೂ ಕೊಟ್ಟರು. ಆ ಪುಸ್ತಕ ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಪ್ಲಾಸ್ಟಿಕ್ ಕವರು ಸಹಿತ ಹಾಗೇ ಮಲಗಿದೆ. ಅದರೊಳಗೆ ಇರುವ ನಾಲ್ಕು ಮಾತನ್ನು ಇಲ್ಲಿ ಬರೆಯುವುದು ನಮ್ಮ ಉದ್ದೇಶ. ಓದುಗರಲ್ಲಿ ಬಹುಪಾಲು ಜನ ಗಾಡಿ ಓಡಿಸುವವರಲ್ಲ, ಬಾಡಿಗೆಗೆ ಕರೆಯುವವರು ಅಥವಾ ಅದರ ಪಕ್ಕದಲ್ಲಿ ಬಸ್ಸಿನಲ್ಲಿ ಹೋಗುವವರು. ಅವರಿಗೂ ಇದು ಬೇಕು.

ಚೀಲದ ಲೆಕ್ಕ

ಆರ್.ಸಿ. ಪುಸ್ತಕದಲ್ಲಿ ಎರಡು ಅಂಕಿ ಇರುತ್ತವೆ. ಒಂದು ಖಾಲಿ ಗಾಡಿಯ ತೂಕ, ಇನ್ನೊಂದು ಮಾಲು, ಮನುಷ್ಯರು ಎಲ್ಲ ಸೇರಿ ಇರಬಹುದಾದ ಒಟ್ಟು ತೂಕ. ಒಂದು ಗಾಡಿಗೆ ಖಾಲಿ ತೂಕ 1,700 ಕಿಲೋ, ಒಟ್ಟು 3,000 ಕಿಲೋ ಎಂದಿದೆ ಅನ್ನಿ. ಉಳಿದದ್ದು 1,300. ಕಾನೂನಿನ ಪ್ರಕಾರ ಖಾಲಿ ತೂಕದಲ್ಲಿ ಡ್ರೈವರ, ಕ್ಲೀನರ ಸೇರಿರುವುದಿಲ್ಲ. ಅವರಿಬ್ಬರಿಗೆ 130 ಕಿಲೋ ಕಳೆಯಿರಿ. ಉಳಿದ 1,170 ಕಿಲೋದಲ್ಲಿ 50 ಕಿಲೋದ ಸಿಮೆಂಟ್ ಚೀಲ 23 ಮಾತ್ರ ಹಿಡಿಯುತ್ತವೆ. ನಮ್ಮಲ್ಲಿ ಅದೇ ಗಾಡಿಗೆ 35 ಹಾಕಿ ‘ಇನ್ನೂ ಜಾಗ ಐತಿ’ ಅನ್ನುತ್ತೇವೆ. ಜಾಗ ಇದೆ ನಿಜ. ಜಾಗಕ್ಕೂ ತಾಕತ್ತಿಗೂ ಏನು ಸಂಬಂಧ? ಹಸಿ ಮರಳು, ಸಿಮೆಂಟು, ಕಬ್ಬಿಣ ಇವೆಲ್ಲ ಅರ್ಧ ತೊಟ್ಟಿ ತುಂಬುವ ಮೊದಲೇ ಗಾಡಿಯ ತಾಕತ್ತು ಮುಗಿಸುತ್ತವೆ.

ಹತ್ತಿ, ಹೊಟ್ಟು, ಒಣಮೆಣಸಿನಕಾಯಿ ಇವುಗಳ ಕಥೆಯೇ ಬೇರೆ. ತೂಕ ಕಡಿಮೆ, ಎತ್ತರ ಜಾಸ್ತಿ. ಮಾಲು ಮೇಲಕ್ಕೆ ಏರಿದಷ್ಟೂ ಗಾಡಿ ತಿರುವಿನಲ್ಲಿ ವಾಲುತ್ತದೆ. ಒಂದು ಚಕ್ರ ಗುಂಡಿಗೆ ಇಳಿದರೆ ಸಾಕು, ಅಡ್ಡ ಬೀಳುತ್ತದೆ. ಭಾರದ ಮಾಲು ಕೆಳಗೆ, ಹಗುರದ್ದು ಮೇಲೆ. ಭಾರವೆಲ್ಲ ಹಿಂದಿನ ಗಾಲಿಯ ಅಚ್ಚಿಗಿಂತ ಮುಂದೆ, ಕ್ಯಾಬಿನ್ ಕಡೆಗೆ ಬರಬೇಕು. ಹಿಂದಕ್ಕೆ ಜೋತುಬಿದ್ದರೆ ಮುಂದಿನ ಗಾಲಿ ಹಗುರಾಗಿ ಸ್ಟೇರಿಂಗು ಮಾತು ಕೇಳದು. ಬುಟ್ಟಿ ಹೊರುವ ಅಜ್ಜಿಗೆ ಗೊತ್ತಿರುವ ಸಂಗತಿ ಇದು!

ಗಾಡಿಯ ಹಿಂಬದಿ ಕುಸಿದರೆ ಮುಂದಿನ ಲೈಟು ಆಕಾಶ ನೋಡುತ್ತದೆ. ಎದುರು ಬರುವ ಬೈಕಿನವನ ಕಣ್ಣು ಕುರುಡಾಗುತ್ತದೆ. ಅನೇಕ ಗಾಡಿಗಳಲ್ಲಿ ಹೆಡ್‌ಲೈಟು ತಗ್ಗಿಸಲು ಡ್ಯಾಶ್‌ಬೋರ್ಡಿನಲ್ಲೇ ಅಂಕಿ ಬರೆದ ಸಣ್ಣ ಗುಂಡಿ ಇರುತ್ತದೆ. ಲೋಡಿಗೆ ತಕ್ಕಂತೆ ಅದನ್ನು ತಿರುವಿದರೆ ಸಾಕು, ಖರ್ಚಿಲ್ಲ. ಆ ಗುಂಡಿ ಏತಕ್ಕಿದೆ ಎಂದು ಹತ್ತು ಡ್ರೈವರರನ್ನು ಕೇಳಿ ನೋಡಿ. ಉತ್ತರ ಬಂದರೆ ನಮಗೂ ತಿಳಿಸಿ.

ಕಮಾನು ಪಟ್ಟಿಯ ಕರಾಮತ್ತು

ಹೆಚ್ಚು ಮಾಲು ಹೊರಿಸಬೇಕೆಂದು ಗ್ಯಾರೇಜಿನಲ್ಲಿ ಹಿಂದಿನ ಕಮಾನು ಪಟ್ಟಿಗೆ ಎರಡು ಹೆಚ್ಚುವರಿ ಪಟ್ಟಿ ಹಾಕಿಸುವುದು ಈಗ ರೂಢಿ. ಗಾಡಿ ಕುಸಿಯುವುದಿಲ್ಲ, ನೋಡಲು ನೆಟ್ಟಗಿರುತ್ತದೆ. ಆದರೆ ಪಟ್ಟಿ ಹಾಕಿದ ಮಾತ್ರಕ್ಕೆ ಬ್ರೇಕು ದೊಡ್ಡದಾಯಿತೇ? ಟೈರು ಗಟ್ಟಿಯಾಯಿತೇ? ಇನ್ನೂ ಒಂದು ಸಂಗತಿ ಇದೆ. ಬಹಳ ಪಿಕಪ್‌ಗಳಲ್ಲಿ ಹಿಂದಿನ ಅಚ್ಚಿಗೂ ಚಾಸಿಗೂ ನಡುವೆ ಒಂದು ವಾಲ್ವು ಇರುತ್ತದೆ. ಗಾಡಿ ಎಷ್ಟು ಕುಸಿದಿದೆ ಎಂಬುದರ ಮೇಲೆ ಲೋಡು ಅಳೆದು, ಹಿಂದಿನ ಗಾಲಿಗೆ ಎಷ್ಟು ಬ್ರೇಕು ಕೊಡಬೇಕೆಂದು ಅದು ನಿರ್ಧರಿಸುತ್ತದೆ. ಪಟ್ಟಿ ಹೆಚ್ಚಿಸಿ ಗಾಡಿ ಕುಸಿಯದಂತೆ ಮಾಡಿದರೆ ವಾಲ್ವು ಗಾಡಿ ಖಾಲಿ ಇದೆ ಎಂದೇ ತಿಳಿಯುತ್ತದೆ. ತುಂಬಿದ ಗಾಡಿಗೆ ಖಾಲಿ ಗಾಡಿಯ ಬ್ರೇಕು! ಎರಡು ಪಟ್ಟಿ ಹಾಕಿಸಿ ಜಾಣರಾದೆವು ಎಂದುಕೊಂಡವರು ಇದನ್ನು ಯೋಚಿಸಲಿ.

ಖಾಲಿ ಗಾಡಿಯೂ ಸಾಧು ಅಲ್ಲ. ಹಿಂಬದಿ ಹಗುರ, ಪಟ್ಟಿ ಬಿರುಸು. ಮಳೆಯಲ್ಲಿ ಗಕ್ಕನೆ ಬ್ರೇಕು ಒತ್ತಿದರೆ ಹಿಂಬದಿ ಜಾರಿ ಗಾಡಿ ಗಿರಕಿ ಹೊಡೆಯುತ್ತದೆ. ಮಾಲು ಇಳಿಸಿ ಬರುವಾಗ ಹಾಡು ಜೋರಾಗಿ ಹಚ್ಚಿ ಹಾರಿಸಿಕೊಂಡು ಬರುವ ಹುಡುಗರು ಇದನ್ನು ನೆನಪಿಡಬೇಕು. 60ರ ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ ಸುಮಾರು 17 ಮೀಟರು ಮುಂದೆ ಹೋಗುತ್ತದೆ. ಮೊಬೈಲು ನೋಡಿ ತಲೆ ಎತ್ತುವುದರೊಳಗೆ ಒಂದು ಓಣಿಯೇ ದಾಟಿರುತ್ತದೆ. ವೇಗ ಎರಡು ಪಟ್ಟಾದರೆ, ಬ್ರೇಕು ಹಿಡಿದ ಮೇಲೆ ನಿಲ್ಲಲು ಬೇಕಾದ ದೂರ ನಾಲ್ಕು ಪಟ್ಟು. ಇದು ಸರಕಾರದ ಕಾನೂನಲ್ಲ, ದಂಡ ಕಟ್ಟಿ ಬಿಡಿಸಿಕೊಳ್ಳಲು!

ಘಟ್ಟದ ಪಾಠ

ನಮ್ಮ ಜಿಲ್ಲೆಯ ಕಾಯಿಪಲ್ಲೆ, ಹಣ್ಣು ಘಟ್ಟ ಇಳಿದು ಕರಾವಳಿಯ ಸಂತೆಗೆ ಹೋಗುತ್ತವೆ. 2025ರ ಜನವರಿ 22ರ ಬೆಳಗಿನ ಜಾವ ಸವಣೂರು ಕಡೆಯ ವ್ಯಾಪಾರಿಗಳು ಕುಮಟಾ ಸಂತೆಗೆ ಹೊರಟಿದ್ದ ಲಾರಿ ಯಲ್ಲಾಪುರ ತಾಲ್ಲೂಕಿನ ಗುಳ್ಳಾಪುರದ ಬಳಿ ಉರುಳಿತು. ಹತ್ತು ಜನ ಸತ್ತರು. ಮಾಲಿನ ಜೊತೆಗೇ ಕೂತು ಹೊರಟಿದ್ದ ದುಡಿಯುವ ಜನ. ಅದು ಲಾರಿ. 2024ರ ಮೇ 20ರಂದು ಛತ್ತೀಸಗಡದ ಕಬೀರಧಾಮ ಜಿಲ್ಲೆಯಲ್ಲಿ ಬೀಡಿ ಎಲೆ ಕೂಲಿಯವರನ್ನು ತುಂಬಿಕೊಂಡು ಕಮರಿಗೆ ಬಿದ್ದದ್ದು ನಮ್ಮೂರಲ್ಲಿ ಓಡುವಂಥದೇ ಪಿಕಪ್. ಅಲ್ಲಿ ಸತ್ತವರು 19 ಜನ, ಬಹುತೇಕ ಎಲ್ಲರೂ ಹೆಣ್ಣುಮಕ್ಕಳು.

ಘಟ್ಟ ಇಳಿಯುವಾಗ ಒಂದೇ ಸೂತ್ರ. ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ. ಎಂಜಿನ್ನೇ ಗಾಡಿಯನ್ನು ಹಿಡಿದು ಇಳಿಸುತ್ತದೆ. ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡಿ ಇಳಿಸುವವರಿದ್ದಾರೆ. ಆಗ ಪೂರಾ ಭಾರ ಬ್ರೇಕಿನ ಮೇಲೆ ಬೀಳುತ್ತದೆ. ಲೈನರು ಕಾದು ಸುಟ್ಟ ವಾಸನೆ ಬರುತ್ತದೆ, ಕಡೆಗೆ ಪೆಡಲು ಒತ್ತಿದರೂ ಗಾಡಿ ನಿಲ್ಲುವುದಿಲ್ಲ. ಎಂಜಿನ್ ಬಂದ್ ಮಾಡಿ ಇಳಿಸುವವರಂತೂ ಮಹಾತ್ಮರು! ಎರಡು ಮೂರು ಸಲ ಒತ್ತಿದ ಮೇಲೆ ಬ್ರೇಕಿನ ಬೂಸ್ಟರ್ ಕೈಕೊಡುತ್ತದೆ, ಕೀಲಿ ತೆಗೆದರೆ ಸ್ಟೇರಿಂಗೂ ಲಾಕ್ ಆಗಬಹುದು. ಸುಟ್ಟ ವಾಸನೆ ಬಂದರೆ ಬದಿಗೆ ಹಾಕಿ, ತಾನಾಗಿ ಆರಲು ಬಿಡಬೇಕು. ಕಾದ ಡ್ರಮ್ಮಿಗೆ ನೀರು ಸುರಿದರೆ ಅದು ಸೀಳುವುದುಂಟು. ಟೈರಿನ ಗಾಳಿ ನೋಡಬೇಕಾದದ್ದು ಬೆಳಿಗ್ಗೆ, ಗಾಡಿ ಓಡುವ ಮುಂಚೆ. ಮುಂದಿನದಕ್ಕೆ ಎಷ್ಟು, ಹಿಂದಿನದಕ್ಕೆ ಎಷ್ಟು ಎಂಬುದು ಆ ಓದದ ಪುಸ್ತಕದಲ್ಲೇ ಇದೆ.

ನಿಂತ ಗಾಡಿಯೂ ಕೊಲ್ಲುತ್ತದೆ

2024ರ ಜೂನ್ 28ರ ನಸುಕಿನಲ್ಲಿ ಬ್ಯಾಡಗಿ ತಾಲ್ಲೂಕಿನ ಗುಂಡೇನಹಳ್ಳಿ ಕ್ರಾಸಿನ ಹತ್ತಿರ ನಿಂತಿದ್ದ ಲಾರಿಗೆ ಟೆಂಪೊ ಟ್ರಾವೆಲರ್ ಗುದ್ದಿ, ದೇವರ ದರ್ಶನ ಮುಗಿಸಿ ಹೊರಟಿದ್ದ ಭದ್ರಾವತಿ ಕಡೆಯ 13 ಜನ ತೀರಿಕೊಂಡದ್ದನ್ನು ಈ ಜಿಲ್ಲೆ ಮರೆಯಲಾರದು. ಹೆದ್ದಾರಿಯಲ್ಲಿ ಗಾಡಿ ಕೆಟ್ಟರೆ ಪೂರ್ತಿ ಎಡಕ್ಕೆ ಇಳಿಸಿ, ನಾಲ್ಕೂ ಇಂಡಿಕೇಟರ್ ಹಾಕಿ, ಹಿಂದೆ ಕನಿಷ್ಠ 50 ಮೀಟರು ದೂರದಲ್ಲಿ ಕೆಂಪು ತ್ರಿಕೋನ ಇಡಬೇಕು. ನಮ್ಮಲ್ಲಿ ಇಡುವುದು ಕಲ್ಲು ಮತ್ತು ಗಿಡದ ಟೊಂಗೆ. ಗಾಡಿ ಹೋದ ಮೇಲೂ ಕಲ್ಲು ಅಲ್ಲೇ, ರಾತ್ರಿ ಬರುವ ಬೈಕಿನವನ ಸ್ವಾಗತಕ್ಕೆ! ಆ ನಾಲ್ಕು ಇಂಡಿಕೇಟರನ್ನು ಸರ್ಕಲ್ಲಿನಲ್ಲಿ ‘ನಾನು ನೆಟ್ಟಗೆ ಹೊಂಟೀನಿ’ ಎಂದು ಹಾಕುವ ಚಾಳಿಯೂ ಬಿಡಬೇಕು. ಪಕ್ಕದವನಿಗೆ ಒಂದೇ ಬದಿಯ ದೀಪ ಕಾಣುತ್ತದೆ, ನೀವು ತಿರುಗುತ್ತೀರಿ ಎಂದೇ ತಿಳಿಯುತ್ತಾನೆ.

ತಾಡಪತ್ರಿ ಜೋತುಬಿದ್ದು ಹಿಂದಿನ ಕೆಂಪು ದೀಪ ಮುಚ್ಚಿರುವುದು, ಕಬ್ಬಿಣದ ಸರಳು ಮಾರುದ್ದ ಹೊರಗೆ ಚಾಚಿರುವುದು ದಿನದ ನೋಟ. ಹಗ್ಗ ಅಡ್ಡಡ್ಡ ಬಿಗಿದು, ಹತ್ತು ಕಿಲೋಮೀಟರು ಹೋದ ಮೇಲೆ ಇಳಿದು ಇನ್ನೊಮ್ಮೆ ಎಳೆದು ನೋಡಬೇಕು. ಮಾಲು ಕುಸಿದು ಕೂತಾಗ ಹಗ್ಗ ಸಡಿಲಾಗುತ್ತದೆ. 2019ರ ತಿದ್ದುಪಡಿಯ ನಂತರ ಕೇಂದ್ರ ಕಾಯ್ದೆಯಲ್ಲಿ ಮಿತಿ ಮೀರಿದ ತೂಕಕ್ಕೆ 20,000 ರೂಪಾಯಿ, ಮೇಲೆ ಹೆಚ್ಚಿದ ಪ್ರತಿ ಟನ್ನಿಗೆ 2,000 ರೂಪಾಯಿ ದಂಡವಿದೆ. ಮಾಲು ಗಾಡಿಯಿಂದ ಮಿತಿ ಮೀರಿ ಹೊರಚಾಚಿದರೂ 20,000. ಹದಿನೆಂಟು ತುಂಬದ ಹುಡುಗನ ಕೈಗೆ ಕೀಲಿ ಕೊಟ್ಟ ಮಾಲೀಕನಿಗೆ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ.

ಮಾಲಿನ ಮೇಲೆ ಕೂತವರು ಯಾರ ಲೆಕ್ಕ?

ಇದು ಎಲ್ಲಕ್ಕಿಂತ ಕಹಿಯಾದ ಸಂಗತಿ. ಗೂಡ್ಸ್ ಗಾಡಿಯ ವಿಮೆಯಲ್ಲಿ 1994ರ ತಿದ್ದುಪಡಿಯಿಂದ ಮಾಲಿನ ಮಾಲೀಕನಿಗೆ ಅಥವಾ ಅವನ ಅಧಿಕೃತ ಪ್ರತಿನಿಧಿಗೆ ರಕ್ಷಣೆ ಸಿಕ್ಕಿತು. ಸುಮ್ಮನೆ ಹತ್ತಿಕೊಂಡ ಉಳಿದವರಿಗೆ ವಿಮಾ ಕಂಪನಿ ಹೊಣೆಯಲ್ಲ ಎಂದು ಆಶಾ ರಾಣಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2002ರಲ್ಲೇ ಹೇಳಿತು. ಅಂದರೆ ಮದುವೆ ದಿಬ್ಬಣಕ್ಕೆ, ಜಾತ್ರೆಗೆ, ಕೂಲಿಗೆ ಪಿಕಪ್ ಹತ್ತಿದ ಮಂದಿ ಬಿದ್ದು ಸತ್ತರೆ ಪರಿಹಾರದ ಭಾರ ಗಾಡಿ ಮಾಲೀಕನ ತಲೆಗೆ. ಅವನೋ ಕಂತು ಕಟ್ಟಲು ಪರದಾಡುವವನು. ಸತ್ತವರ ಮನೆಯವರು ಕೋರ್ಟಿಗೆ ಅಲೆಯುತ್ತಾರೆ, ಗಾಡಿಯವನ ಮನೆ ಮಾರಾಟಕ್ಕೆ ಬರುತ್ತದೆ. ಎರಡು ಮನೆ ಹಾಳು.

‘ಹಂಗಾದ್ರ ನಾವು ಹೆಂಗ ಹೋಗೂದ್ರೀ?’ ಎಂದು ಸಂತೆಯ ಹೆಣ್ಣುಮಕ್ಕಳು ಕೇಳಿದರೆ ಅದಕ್ಕೆ ಉತ್ತರ ಕೊಡಬೇಕಾದವರು ಬೇರೆ ಇದ್ದಾರೆ. ಬೆಳಗಿನ ನಾಲ್ಕಕ್ಕೆ ಸಂತೆ ಮುಟ್ಟಬೇಕಾದವರಿಗೆ ಬಸ್ಸಿಲ್ಲ. ಇದ್ದರೂ ಬುಟ್ಟಿ ಕಂಡರೆ ಕಂಡಕ್ಟರರ ಮುಖ ಗಂಟಾಗುತ್ತದೆ. ಬಡವರು ಶೋಕಿಗೆ ಚೀಲದ ಮೇಲೆ ಕೂರುತ್ತಾರೆಯೇ? ವಾಯವ್ಯ ಸಾರಿಗೆಯವರು ಸಂತೆಯ ದಿನ ನಸುಕಿನಲ್ಲಿ, ಬುಟ್ಟಿ ಚೀಲಕ್ಕೆ ಜಾಗವಿರುವ ಒಂದು ಬಸ್ಸು ಬಿಡಲಿ. ಮಾಲು ಪಿಕಪ್‌ನಲ್ಲಿ ಹೋಗಲಿ, ಜನ ಬಸ್ಸಿನಲ್ಲಿ ಹೋಗಲಿ. ಕ್ಯಾಬಿನ್‌ನಲ್ಲಿ ಬೆಲ್ಟು ಹಾಕಿಕೊಂಡು ಸೀಟು ಇದ್ದಷ್ಟೇ ಜನ ಕೂರಲಿ.

ಆರ್.ಟಿ.ಓ. ಸಾಹೇಬರು ಹೆದ್ದಾರಿಯ ಮರದ ನೆರಳಲ್ಲಿ ನಿಂತು ರಸೀತಿ ಹರಿಯುವುದು ಸಾಲದು. ಮಾಲು ತುಂಬುವ ಯಾರ್ಡಿನ ಬಾಗಿಲಲ್ಲೇ ಕಾಟಾ ಮೇಲೆ ಗಾಡಿ ಹತ್ತಿಸಿ ಬಿಡುವ ವ್ಯವಸ್ಥೆ ಆಗಲಿ. ತುಂಬಿದ ಮೇಲೆ ದಂಡ ಹಾಕುವುದಕ್ಕಿಂತ ತುಂಬುವ ಮೊದಲೇ ತಡೆಯುವುದು ಮೇಲು. ಅಂಗಡಿ ಸಾಹುಕಾರರು ಒಂದು ಕೆಲಸ ಮಾಡಲಿ. ಬಾಡಿಗೆಗೆ ಬಂದ ಗಾಡಿಯ ಆರ್.ಸಿ. ನೋಡಿ, ಇಷ್ಟೇ ಚೀಲ ಎಂದು ಚೀಟಿಯ ಮೇಲೆ ಬರೆದು ಹಮಾಲರ ಕೈಗೆ ಕೊಡಲಿ. ಒಂದು ಟ್ರಿಪ್ಪಿನ ಬಾಡಿಗೆ ಉಳಿಸಲು ಹೋಗಿ ಮಾಲು, ಗಾಡಿ, ಮನುಷ್ಯ ಮೂರನ್ನೂ ಕಳೆದುಕೊಳ್ಳುವುದು ಯಾವ ವ್ಯಾಪಾರ?

ತಕ್ಕಡಿ ಹಿಡಿದು ಗ್ರಾಂ ಲೆಕ್ಕದಲ್ಲಿ ಮಾರುವ ವ್ಯಾಪಾರಸ್ಥರಿಗೆ ತೂಕದ ಮಾತು ಹೊಸದಾಗಿ ಕಲಿಸಬೇಕಿಲ್ಲ. ಗಿರಾಕಿಗೆ ತೂಗುವಾಗ ಇರುವ ಎಚ್ಚರ ಗಾಡಿಗೆ ತುಂಬುವಾಗಲೂ ಇರಲಿ. ಮುಂದಿನ ಸಲ ಯಾರಾದರೂ ‘ಇನ್ನೊಂದು ಚೀಲ’ ಅಂದಾಗ, ‘ಸಾಕ್ರೀ ಸಾಹುಕಾರ್ರ, ಇನ್ನೊಂದು ಟ್ರಿಪ್ ಹೊಡಿತೀನಿ’ ಎನ್ನುವ ಧೈರ್ಯ ಡ್ರೈವರನಿಗೆ ಬರಲಿ. ಹಾಗೆ ಅಂದವನನ್ನೇ ನಾಳೆಯೂ ಬಾಡಿಗೆಗೆ ಕರೆಯುವ ದೊಡ್ಡತನ ಸಾಹುಕಾರರಿಗೆ ಇರಲಿ.