ಒಂದು ಮೊಹರಿಗೆ ಬೆಂಗಳೂರೇ ಗತಿಯೇ?

ಜಾಲಹಳ್ಳಿ ಎಂದೊಡನೆ ಬೆಂಗಳೂರಿನವರು ತಮ್ಮೂರಿನ ಬಡಾವಣೆ ಎಂದುಕೊಳ್ಳುತ್ತಾರೆ. ನಾವು ಹೇಳುತ್ತಿರುವುದು ದೇವದುರ್ಗ ತಾಲೂಕಿನ ಜಾಲಹಳ್ಳಿ. ಆ ಜಾಲಹಳ್ಳಿಯವನಿಗೆ ಸರಕಾರದ ಮೊಹರು ಸಿಟಿ ಬಸ್ಸಿನ ದೂರ. ಈ ಜಾಲಹಳ್ಳಿಯವನಿಗೆ ಸುಮಾರು 400 ಕಿಲೋಮೀಟರ್ ದೂರ. ರಾತ್ರಿ ಬಸ್ಸು, ಲಾಡ್ಜು, ಮೇಲೆ ಎರಡು ಮೂರು ದಿನದ ದುಡಿಮೆ ಖೋತಾ.

ಯಾವ ಮೊಹರು ಅಂತೀರಾ? ಹೊರದೇಶಕ್ಕೆ ಹೋಗುವವರ ಕಾಗದಪತ್ರಗಳ ಮೇಲಿನ ಮೊಹರು. ಗಲ್ಫಿಗೆ ಫಿಟ್ಟರ್ ಕೆಲಸಕ್ಕೆ ಹೊರಟ ಹುಡುಗ, ನರ್ಸ್ ಕೆಲಸಕ್ಕೆ ಹೊರಟ ಹುಡುಗಿ, ಗಂಡನಿದ್ದಲ್ಲಿಗೆ ಹೋಗಬೇಕಾದ ಹೆಣ್ಣುಮಗಳು, ಇವರ ಅಂಕಪಟ್ಟಿ, ಜನನ ಪತ್ರ, ಮದುವೆ ನೋಂದಣಿ ಪತ್ರಗಳನ್ನು ಆ ದೇಶದವರು ಹಾಗೇ ಒಪ್ಪುವುದಿಲ್ಲ.

ಝೆರಾಕ್ಸ್ ಮಾಡಿಸಿ, ಕೋರ್ಟಿನ ಹತ್ತಿರ ನೋಟರಿ ಸೀಲು ಹಾಕಿಸಿದರೆ ಕೆಲಸ ಮುಗಿಯಿತು ಎಂದುಕೊಂಡವರೇ ಬಹಳ. ನಮ್ಮ ನೋಟರಿಯ ಸಹಿ ದುಬೈಯವನಿಗೆ ಹೇಗೆ ಗೊತ್ತಾಗಬೇಕು? ಅದಕ್ಕೇ ಮೆಟ್ಟಿಲುಗಳಿವೆ. ಮೊದಲು ರಾಜ್ಯ ಸರಕಾರ: ಓದಿನ ಕಾಗದಕ್ಕೆ ಶಿಕ್ಷಣ ಇಲಾಖೆ, ಜನನ-ಮದುವೆಯ ಕಾಗದಕ್ಕೆ ಗೃಹ ಇಲಾಖೆ. ಆಮೇಲೆ ದಿಲ್ಲಿ ಸರಕಾರದ ವಿದೇಶಾಂಗ ಇಲಾಖೆ. 1961ರ ಹೇಗ್ ಒಪ್ಪಂದಕ್ಕೆ ಸೇರಿದ ಹೆಚ್ಚಿನ ದೇಶಗಳಿಗಾದರೆ ‘ಅಪಾಸ್ಟಿಲ್’ ಎಂಬ ಚೀಟಿ ಅಂಟಿಸಿದರೆ ಸಾಕು. ಭಾರತಕ್ಕೆ ಇದು 2005ರ ಜುಲೈನಿಂದ, ಸೌದಿಗೆ 2022ರ ಡಿಸೆಂಬರಿನಿಂದ ಜಾರಿಗೆ ಬಂದಿದೆ. ದುಬೈ, ಕುವೈತ್ ಒಪ್ಪಂದದಲ್ಲಿಲ್ಲ. ಅಲ್ಲಿಗೆ ಹೋಗುವವರು ಆಯಾ ದೇಶದ ರಾಯಭಾರ ಕಚೇರಿಯ ಮೊಹರನ್ನೂ ಹಾಕಿಸಬೇಕು.

ಇಷ್ಟೆಲ್ಲ ಮೊಹರು ಹೇಳುವುದೇನು? ‘ಈ ಸಹಿ ಈ ಅಧಿಕಾರಿಯದೇ, ಈ ಸೀಲು ಆ ಕಚೇರಿಯದೇ’ ಎಂದು ಮಾತ್ರ. ಒಳಗೆ ಬರೆದದ್ದು ನಿಜ ಎಂದು ಅಪಾಸ್ಟಿಲ್ ಹೇಳುವುದಿಲ್ಲ. ಹಾಗಿದ್ದ ಮೇಲೆ ಸಹಿ ತಾಳೆ ನೋಡುವ ಕೆಲಸ ಕಲಬುರಗಿಯಲ್ಲಿ ಯಾಕಾಗಬಾರದು?

ದಿಲ್ಲಿಯವರಿಗೆ ಇದು ಅರ್ಥವಾಯಿತು. 2019ರ ಜನವರಿಯಿಂದ ವಿದೇಶಾಂಗ ಇಲಾಖೆ ತನ್ನ ಮೊಹರಿನ ಕೆಲಸವನ್ನು ಬೆಂಗಳೂರೂ ಸೇರಿ ಬೇರೆ ಬೇರೆ ನಗರಗಳಿಗೆ ಹಂಚಿತು. ಪಕ್ಕದ ಕೇರಳದಲ್ಲಿ ನೋರ್ಕಾ ಸಂಸ್ಥೆ ತಿರುವನಂತಪುರ, ಎರ್ನಾಕುಲಂ, ಕೋಯಿಕ್ಕೋಡ್ ಮೂರೂ ಕಡೆ ಓದಿನ ಪತ್ರಗಳಿಗೆ ದೃಢೀಕರಣ ಕೊಡುತ್ತದೆ. ದಿಲ್ಲಿ ಬೆಂಗಳೂರಿಗೆ ಬಂತು. ಬೆಂಗಳೂರು ಮಾತ್ರ ಕಲಬುರಗಿಗೆ ಬರಲೊಲ್ಲದು!

‘ಎಲ್ಲಾ ಕಂಪ್ಯೂಟರಿನ್ಯಾಗೇ ಆಗ್ತದಲ್ರೀ’ ಎನ್ನುವವರಿದ್ದಾರೆ. 2017ರಲ್ಲಿ ಇ-ಸನದ್ ಬಂದದ್ದು ಹೌದು. ಆದರೆ ಕಾಗದ ಕೊಟ್ಟ ಸಂಸ್ಥೆ ಆ ಜಾಲದಲ್ಲಿದ್ದರೆ ಮಾತ್ರ ಉಪಯೋಗ. ಇಪ್ಪತ್ತು ವರ್ಷದ ಹಿಂದಿನ ಅಂಕಪಟ್ಟಿ ಹಿಡಿದವನು ಏನು ಮಾಡಬೇಕು?

ಅವನು ಏಜೆಂಟನ ಕೈ ಹಿಡಿಯುತ್ತಾನೆ. ಅಪಾಸ್ಟಿಲಿಗೆ ಸರಕಾರದ ಶುಲ್ಕ ಪತ್ರಕ್ಕೆ ಬರೀ 50 ರೂಪಾಯಿ. ಏಜೆಂಟ್ ಕೇಳುವುದು ಸಾವಿರದ ಲೆಕ್ಕದಲ್ಲಿ. ಏಜೆಂಟರೆಲ್ಲ ಕಳ್ಳರೆಂದು ನಾವು ಹೇಳುವುದಿಲ್ಲ. 2012ರಿಂದ ವಿದೇಶಾಂಗ ಇಲಾಖೆಯೇ ಜನರಿಂದ ನೇರ ಕಾಗದ ತೆಗೆದುಕೊಳ್ಳದೆ ಗೊತ್ತುಮಾಡಿದ ಏಜೆನ್ಸಿಗಳ ಮೂಲಕ ಪಡೆಯುತ್ತಿದೆ. ಆ ಪಟ್ಟಿಯಲ್ಲಿ ಹೆಸರಿದೆಯೋ ಇಲ್ಲವೋ ನೋಡದೆ, ರಸೀದಿಯಿಲ್ಲದೆ ಅಸಲು ಪದವಿ ಪತ್ರ ಕೊಟ್ಟು ಬರುವುದು ಮಾತ್ರ ಬಾವಿಗೆ ಹಾರಿದಂತೆ. ಮೊಹರು ನಕಲಿ ಎಂದು ಗೊತ್ತಾದರೆ ವೀಸಾವೂ ಹೋಯಿತು, ಮೈಮೇಲೆ ಕೇಸೂ ಬಂತು.

ಸರಕಾರ ಕಣ್ಣು ತೆರೆಯುವ ತನಕ ನಮ್ಮ ಕೈಯಲ್ಲಿರುವುದನ್ನಾದರೂ ನಾವು ಮಾಡೋಣ. ಎಸ್ಸೆಸ್ಸೆಲ್ಸಿ ಪಟ್ಟಿಯಲ್ಲಿ ಬಸವರಾಜ, ಆಧಾರಿನಲ್ಲಿ ಬಸಪ್ಪ, ಪಾಸ್‌ಪೋರ್ಟಿನಲ್ಲಿ ಇನ್ನೇನೋ ಇದ್ದರೆ ಎಷ್ಟು ಮೊಹರು ಬಿದ್ದರೂ ಮೂವರು ಒಬ್ಬನಾಗುವುದಿಲ್ಲ. ಊರಲ್ಲೇ ಮೊದಲು ಹೆಸರು ಸರಿಮಾಡಿಸಿ: ಅಂಕಪಟ್ಟಿಗೆ ಶಾಲೆಯ ಹೆಡ್‌ಮಾಸ್ತರರ ಮೂಲಕ, ಜನನ ಪತ್ರಕ್ಕೆ ನೋಂದಣಿ ಕಚೇರಿಯಲ್ಲಿ. ಇನ್ನೊಂದು ಮಾತು ಫೋಟೋ ಅಂಗಡಿಯವರಿಗೆ: ಅಸಲು ಪತ್ರಗಳಿಗೆ ಲ್ಯಾಮಿನೇಷನ್ ಮಾಡಬೇಡಿ. ಅದರ ಮೇಲೆ ಸೀಲೂ ಕೂರುವುದಿಲ್ಲ, ಚೀಟಿಯೂ ಅಂಟುವುದಿಲ್ಲ. ಗಿರಾಕಿ ಕೇಳಿದರೂ ಬೇಡವೆನ್ನಿ, ಪುಣ್ಯ ಬರುತ್ತದೆ.

371ಜೆ ಕಲಮು ಬಂದು ದಶಕ ದಾಟಿತು. 2019ರಲ್ಲಿ ನಮ್ಮ ಭಾಗಕ್ಕೆ ಕಲ್ಯಾಣ ಕರ್ನಾಟಕವೆಂಬ ಹೆಸರೂ ಬಂತು. ನಾವು ಕೇಳುವುದು ಅಣೆಕಟ್ಟಲ್ಲ, ಕಾರ್ಖಾನೆಯಲ್ಲ. ಕಲಬುರಗಿಯ ಪ್ರಾದೇಶಿಕ ಆಯುಕ್ತರ ಕಚೇರಿಯಲ್ಲಿ ಸಹಿಯ ಅಧಿಕಾರವಿರುವ ಒಬ್ಬ ಅಧಿಕಾರಿ, ರಾಯಚೂರು ಜಿಲ್ಲಾಧಿಕಾರಿ ಕಚೇರಿಯಲ್ಲಿ ವಾರಕ್ಕೊಮ್ಮೆ ಕಾಗದ ತೆಗೆದುಕೊಂಡು ರಸೀದಿ ಕೊಡುವ ಒಂದು ಕಿಟಕಿ. ಒಂದು ಕುರ್ಚಿ, ಒಂದು ಮೇಜು, ಒಂದು ಮೊಹರು. ಇಷ್ಟನ್ನು ತರಿಸಲು ನಮ್ಮ ಶಾಸಕರಿಗೆ, ಸಂಸದರಿಗೆ ಇನ್ನೆಷ್ಟು ಚುನಾವಣೆ ಬೇಕು?