ತೊಳೆದ ಕೊಳೆ ಹೋಗುವುದೆಲ್ಲಿಗೆ?

ನಾನು ಚಳ್ಳಕೆರೆ ತಾಲೂಕಿನ ಒಣಬೇಸಾಯದ ರೈತ. ಶೇಂಗಾ, ನಡುವೆ ಅಕ್ಕಡಿ ಸಾಲು ತೊಗರಿ, ಮಳೆ ಮನಸ್ಸು ಮಾಡಿದರೆ ಒಂದಿಷ್ಟು ಸಜ್ಜೆ. ಓದಿದ್ದು ಏಳನೇ ಕ್ಲಾಸು. ಕಾರಿನ ಎಂಜಿನ್ ಬಗ್ಗೆ ಇವನೇನು ಬರೆದಾನು ಅಂತ ನಿಮಗೆ ಅನ್ನಿಸಬಹುದು. ಅನ್ನಿಸಲಿ. ಈ ಪಾಠಕ್ಕೆ ನಮ್ಮ ಮನೆಯಿಂದ ಮೂವತ್ತೆರಡು ಸಾವಿರ ರೂಪಾಯಿ ಹೋಗಿದೆ. ನಿಮಗೆ ಬಿಟ್ಟಿಯಾಗಿ ಸಿಗಲಿ ಅಂತ ಬರೀತಿದ್ದೀನಿ.

ನನ್ನ ಮಗ, ಸೊಸೆ ಮಂಗಳೂರಿನ ಬಿಜೈಯಲ್ಲಿದ್ದಾರೆ. ಕೆಎಸ್ಸಾರ್ಟಿಸಿ ಬಸ್ ನಿಲ್ದಾಣದಿಂದ ನಡೆದು ಹೋಗುವಷ್ಟು ದೂರದಲ್ಲಿ ಬಾಡಿಗೆ ಮನೆ. ರೊಟ್ಟಿ, ಮುದ್ದೆ, ಸಾರು ಮಾಡಿ ನಮ್ಮ ಕಡೆಯಿಂದ ಹೋದ ಹುಡುಗರ ರೂಮುಗಳಿಗೆ, ಆಫೀಸುಗಳಿಗೆ ಕ್ಯಾರಿಯರ್ ತಲುಪಿಸುತ್ತಾರೆ. ಅದಕ್ಕೊಂದು ಹಳೆಯ ಪೆಟ್ರೋಲ್ ಕಾರು. ಮೂರನೇ ಕೈಯಿಂದ ಕೊಂಡದ್ದು. ಹಿಂದಿನ ಸೀಟು ಮಡಚಿದರೆ ನಲವತ್ತು ಕ್ಯಾರಿಯರ್ ಹಿಡಿಯುತ್ತೆ. ಕಾರು ಅಂದರೆ ಶೋಕಿ ಅಂದುಕೊಳ್ಳಬೇಡಿ, ಅವರ ಪಾಲಿಗೆ ಅದೇ ಜೋಡೆತ್ತು.

ಹೋದ ದೀಪಾವಳಿ ಕಳೆದ ಮೇಲೆ ಶೇಂಗಾ ಮಾರಿ ರಾತ್ರಿ ಬಸ್ಸು ಹತ್ತಿ ಬಿಜೈಗೆ ಹೋದೆ. ಅವತ್ತೇ ಮಗ ಆಯಿಲ್ ಬದಲಿಸಲು ಗ್ಯಾರೇಜಿಗೆ ಹೊರಟಿದ್ದ. ನಾನೂ ಜೊತೆಗೆ ಹೋದೆ. ಮೆಕ್ಯಾನಿಕ್ ಹುಡುಗ ಎಂಜಿನ್ ಮೇಲಿನ ಮುಚ್ಚಳ ತೆಗೆದು ಬ್ಯಾಟರಿ ಬಿಟ್ಟು ತೋರಿಸಿದ. ಒಳಗೆಲ್ಲ ಕಪ್ಪು ಮಡ್ಡಿ, ಎಣ್ಣೆ ಡಬ್ಬದ ತಳದ ಗಸಿ ಇದ್ದ ಹಾಗೆ. "ಇದಕ್ಕೊಂದು ಫ್ಲಶ್ ಹಾಕುವ ಮಾರಾಯ್ರೆ. ಹಳೇ ಆಯಿಲ್‌ಗೇ ಒಂದು ಡಬ್ಬಿ ಹೊಯ್ದು ಹತ್ತು ನಿಮಿಷ ಸ್ಟಾರ್ಟ್‌ನಲ್ಲಿ ಇಟ್ಟರೆ ಆಯ್ತು, ಕೊಳೆ ಎಲ್ಲ ಆಯಿಲ್ ಒಟ್ಟಿಗೆ ಇಳಿದು ಹೋಗ್ತದೆ" ಅಂದ. ಡಬ್ಬಿಗೆ ನಾನೂರೈವತ್ತು ರೂಪಾಯಿ.

ಮಗ ಅನುಮಾನಿಸಿದ. "ಅಪ್ಪಾ, ಇದು ಬೇಕಾ?" ಅಂತ ನನ್ನ ಮುಖ ನೋಡಿದ. ನಾನು ಹೇಳಿದೆ: "ಹಾಕಿಸಪ್ಪಾ. ನಾವು ಬಾವಿ ಎಂಜಿನ್ನನ್ನ ಸೀಮೆಎಣ್ಣೆಯಲ್ಲಿ ತೊಳೀತಿರಲಿಲ್ವಾ, ಏನಾಯ್ತು ಅದಕ್ಕೆ?" ಈ ಮಾತನ್ನು ಹೇಳಿದ್ದು ನಾನೇ ಅನ್ನೋದನ್ನು ಮರೆಮಾಚಿ ಗ್ಯಾರೇಜಿನವರ ಮೇಲೆ ಹಾಕಿದರೆ ಈ ಬರಹಕ್ಕೆ ಅರ್ಥವಿಲ್ಲ.

ಡಬ್ಬಿ ಹೊಯ್ದರು. ಹತ್ತು ನಿಮಿಷ ಬಿಟ್ಟು ಆಯಿಲ್ ಇಳಿಸಿದಾಗ ಡಾಂಬರಿನಂಥದ್ದು ಹರಿದು ಬಂತು. ನಮಗೆ ಖುಷಿಯೋ ಖುಷಿ. ಹೊಸ ಫಿಲ್ಟರ್, ಹೊಸ ಆಯಿಲ್. ಎಂಜಿನ್ ಸದ್ದು ಕೂಡ ಮೆತ್ತಗಾದ ಹಾಗೆ ಅನ್ನಿಸಿತು.

ಐದನೇ ದಿನ ಮಧ್ಯಾಹ್ನ ಊಟ ತುಂಬಿಕೊಂಡು ಕದ್ರಿ ಕಡೆಯ ಏರು ಹತ್ತುವಾಗ ಮೀಟರಿನಲ್ಲಿ ಕೆಂಪು ದೀಪ ಬಂತು, ಗಿಂಡಿಯ ಚಿತ್ರ ಇರುತ್ತಲ್ಲ, ಅದು. ಮಗ ಬದಿಗೆ ನಿಲ್ಲಿಸಿ ಗೇಜ್ ಕಡ್ಡಿ ಎಳೆದು ನೋಡಿದ. ಆಯಿಲ್ ತುಂಬ ಇತ್ತು. ಆಯಿಲ್ ಇದೆಯಲ್ಲ, ದೀಪದ ವೈರೇ ಕೆಟ್ಟಿರಬೇಕು, ಊಟ ತಡವಾಗುತ್ತೆ ಅಂತ ಇನ್ನೊಂದು ಎರಡು ಕಿಲೋಮೀಟರ್ ಓಡಿಸಿದ. ಒಳಗಿಂದ ಟಕ ಟಕ ಅಂತ ಶುರುವಾಗಿ, ಆಮೇಲೆ ಕಲ್ಲು ಕುಟ್ಟಿದ ಹಾಗೆ ಸದ್ದು. ಕಾರು ನಿಂತೇಹೋಯ್ತು.

ಅದನ್ನು ಬೇರೆ ಕಡೆ ಒಬ್ಬ ವಯಸ್ಸಾದ ಮಿಸ್ತ್ರಿಯ ಹತ್ತಿರ ಎಳೆಸಿಕೊಂಡು ಹೋದೆವು. ಅವರು ಕೆಳಗಿನ ಆಯಿಲ್ ಚೇಂಬರ್ ಬಿಚ್ಚಿದರು. ಚೇಂಬರಿನ ತಳದಿಂದ ಆಯಿಲ್ ಹೀರುವ ಪೈಪಿನ ಬಾಯಿಗೆ ಒಂದು ಜಾಲರಿ ಇರುತ್ತೆ, ಚಹಾ ಸೋಸುವ ಜಾಲರಿಯ ಹಾಗೆ. ಅದರ ಕಣ್ಣೆಲ್ಲ ಮಡ್ಡಿಯ ಹೆಕ್ಕಳೆಗಳಿಂದ ಮುಚ್ಚಿತ್ತು. ಚೇಂಬರಿನಲ್ಲಿ ಮೂರು ಲೀಟರ್ ಹೊಸ ಆಯಿಲ್ ಇದೆ, ಮೇಲಕ್ಕೆ ಹೋಗಲು ದಾರಿಯಿಲ್ಲ. ಕೆರೆ ತುಂಬಿದೆ, ತೂಬು ಕಟ್ಟಿದೆ. ಆ ಕೆಂಪು ದೀಪ ಹೇಳುವುದು ಆಯಿಲ್ ಎಷ್ಟಿದೆ ಅಂತಲ್ಲ, ಆಯಿಲ್‌ನ ಒತ್ತಡ ಇಲ್ಲ ಅಂತ. ಇದು ನನಗೂ ಗೊತ್ತಿರಲಿಲ್ಲ, ಮಗನಿಗೂ ಗೊತ್ತಿರಲಿಲ್ಲ. ಅದು ಉರಿದರೆ ಬದಿಗೆ ತಂದು ಎಂಜಿನ್ ಬಂದ್ ಮಾಡಬೇಕು, ಕಡ್ಡಿ ತುಂಬ ಆಯಿಲ್ ಕಂಡರೂ ಮತ್ತೆ ಸ್ಟಾರ್ಟ್ ಮಾಡಬಾರದು. ಇದೊಂದನ್ನು ನಿಮ್ಮ ಮನೆಯಲ್ಲಿ ಗಾಡಿ ಓಡಿಸುವ ಹುಡುಗರಿಗೆ ಇವತ್ತೇ ಹೇಳಿ.

ಬೇರಿಂಗ್ ಹೋಗಿತ್ತು, ಕ್ರ್ಯಾಂಕ್ ಗೀರಿತ್ತು. ಗ್ರೈಂಡಿಂಗ್, ಬೇರಿಂಗ್, ಆಯಿಲ್ ಪಂಪು, ಕೂಲಿ ಎಲ್ಲ ಸೇರಿ ಮೂವತ್ತೆರಡು ಸಾವಿರ. ಹನ್ನೊಂದು ದಿನ ಕಾರಿಲ್ಲ. ಸೊಸೆ ಪಕ್ಕದ ಮನೆಯವರ ಸ್ಕೂಟರಿನಲ್ಲಿ ಎರಡೆರಡು ಬಾರಿ ಓಡಾಡಿ ಅರ್ಧ ಗಿರಾಕಿಗಳನ್ನು ಉಳಿಸಿಕೊಂಡಳು. ಶೇಂಗಾ ಮಾರಿದ ದುಡ್ಡು ಅಲ್ಲಿಗೇ ಇಟ್ಟು ಬಂದೆ. ಮಗ ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು.

ಊರಿಗೆ ಬಂದ ಮೇಲೆ ನನ್ನನ್ನು ಕಾಡಿದ್ದು ಒಂದೇ. ಬಾವಿ ಎಂಜಿನ್ನಿಗೆ ಆಗದ್ದು ಕಾರಿಗೆ ಯಾಕಾಯ್ತು?

ನಮ್ಮಪ್ಪ ತಂದಿದ್ದು ರಾಜಕೋಟ್ ಕಡೆ ಮಾಡಿದ ಲಿಸ್ಟರ್ ಮಾದರಿಯ ಎಂಜಿನ್ನು. ನಿಮಿಷಕ್ಕೆ 650 ಸುತ್ತು, ಡಬ್ ಡಬ್ ಅಂತ ಅರ್ಧ ಮೈಲಿಗೆ ಕೇಳೋದು. ಅದರ ಹೊಟ್ಟೆಗೆ ಒಂದು ಬಾಗಿಲಿತ್ತು. ಎಂಜಿನ್ ನಿಲ್ಲಿಸಿ, ಬೋಲ್ಟು ಬಿಚ್ಚಿ, ಬಾಗಿಲು ತೆಗೆದು, ಆಯಿಲ್ ಇಳಿಸಿ, ಸೊಸೈಟಿಯ ಸೀಮೆಎಣ್ಣೆಯಲ್ಲಿ (ಕರಾವಳಿಯವರು ಚಿಮಿಣಿ ಎಣ್ಣೆ ಅಂತೀರಿ) ಬಟ್ಟೆ ಅದ್ದಿ ಒಳಗೆ ಕೈ ಹಾಕಿ ಒರೆಸುತ್ತಿದ್ದೆವು. ಮೂಲೆಯಲ್ಲಿದ್ದ ಮಡ್ಡಿಯನ್ನು ಉಗುರಿನಿಂದ ಕೆರೆದು ತೆಗೀತಿದ್ದೆವು. ಅಂದರೆ ಕೊಳೆಯನ್ನು ಬಿಡಿಸಿದ್ದು ಸೀಮೆಎಣ್ಣೆ, ಹೊರಗೆ ತಂದಿದ್ದು ನಮ್ಮ ಕೈ. ಕಾರಿನ ಎಂಜಿನ್ನಿಗೆ ಆ ಬಾಗಿಲಿಲ್ಲ. ಸುಮ್ಮನೆ ನಿಂತಾಗಲೇ ನಿಮಿಷಕ್ಕೆ ಏಳೆಂಟುನೂರು ಸುತ್ತು, ಓಡುವಾಗ ಮೂರು ಸಾವಿರ. ಅಲ್ಲಿ ಕೊಳೆ ಬಿಡಿಸುವ ಡಬ್ಬಿ ಇದೆ, ಹೊರಗೆ ತರುವ ಕೈ ಇಲ್ಲ. ಇಳಿಸುವ ನಟ್ಟಿನ ತೂತು ಹೆಬ್ಬೆರಳು ಗಾತ್ರದ್ದು. ಕರಗಿದ್ದು ಇಳಿಯುತ್ತೆ. ಕರಗದೆ ಬರೀ ಬಿಟ್ಟುಕೊಂಡ ಹೆಕ್ಕಳೆ ಒಳಗೇ ಉಳಿಯುತ್ತೆ.

ನಿಮ್ಮಲ್ಲಿ ತುಂಬ ಜನರ ತೋಟದಲ್ಲಿ ಡ್ರಿಪ್ ಇದೆ. ಸುಣ್ಣ ಕಟ್ಟಿದ ಪೈಪಿಗೆ ಆಸಿಡ್ ಬಿಟ್ಟ ಮೇಲೆ ಏನು ಮಾಡ್ತೀರಿ? ಲ್ಯಾಟರಲ್ ಕೊನೆಯ ಮುಚ್ಚಳ ತೆಗೆದು ನೀರು ಬಿಟ್ಟು ಕೊಳೆಯನ್ನು ಹೊರಗೆ ಓಡಿಸ್ತೀರಿ. ಮುಚ್ಚಳ ತೆಗೆಯದೆ ಮೋಟಾರು ಹಾಕಿದರೆ ಬಿಟ್ಟುಕೊಂಡದ್ದೆಲ್ಲ ಡ್ರಿಪ್ಪರ್ ಬಾಯಿಗೆ ಹೋಗಿ ಕೂರುತ್ತೆ, ಮೊದಲಿಗಿಂತ ಕಡೆ ಆಗುತ್ತೆ. ನಾವು ಬಿಜೈಯಲ್ಲಿ ಮಾಡಿದ್ದು ಅದೇ ಕೆಲಸ.

ಫಿಲ್ಟರ್ ಇದೆಯಲ್ಲ ಅಂತ ಕೇಳಬಹುದು, ನಾನೂ ಮಿಸ್ತ್ರಿಯನ್ನು ಕೇಳಿದೆ. ಫಿಲ್ಟರ್ ಇರೋದು ಪಂಪಿನ ಆಚೆ. ಜಾಲರಿ ಪಂಪಿನ ಈಚೆ. ಜಾಲರಿ ಕಟ್ಟಿದರೆ ಆಯಿಲ್ ಫಿಲ್ಟರ್‌ವರೆಗೆ ಹೋಗುವುದೇ ಇಲ್ಲ. ಇನ್ನು ಫಿಲ್ಟರೇ ಕಟ್ಟಿಕೊಂಡರೆ, ಬೇರಿಂಗ್ ಒಣಗಬಾರದು ಅಂತ ಆಯಿಲ್ ಸೋಸದೆ ಹಾಗೇ ಹೋಗಲು ಒಂದು ಕಳ್ಳದಾರಿ ಇಟ್ಟಿರ್ತಾರೆ. ಆಗ ಕೊಳೆ ನೇರ ಬೇರಿಂಗಿಗೆ.

ಆ ಖಾಲಿ ಡಬ್ಬಿಯ ಮೇಲಿನ ಸಣ್ಣಕ್ಷರವನ್ನು ಮಗನ ಕೈಲಿ ಓದಿಸಿದೆ. ಪೆಟ್ರೋಲಿಯಂ ಡಿಸ್ಟಿಲೇಟ್ ಅಂತಿತ್ತು. ಸೀಮೆಎಣ್ಣೆಯ ದಾಯಾದಿ, ಒಂದು ಸಾಲ್ವೆಂಟು. ಸಾಲ್ವೆಂಟ್ ಅನ್ನೋ ಮಾತು ಚಳ್ಳಕೆರೆಯವರಿಗೆ ಹೊಸದಲ್ಲ, ಎಣ್ಣೆ ಮಿಲ್ಲುಗಳ ಊರು ನಮ್ಮದು. ಮಿಲ್ಲು ಹಿಂಡಿ ಬಿಟ್ಟ ಹಿಂಡಿಯಲ್ಲಿ ಉಳಿದ ಎಣ್ಣೆಯನ್ನೂ ಹೆಕ್ಸೇನ್ ಅನ್ನೋ ಸಾಲ್ವೆಂಟ್ ಹಾಕಿ ತೆಗೀತಾರೆ, ಉಳಿದದ್ದು ಎಣ್ಣೆ ತೆಗೆದ ಹಿಂಡಿ ಅಂತ ದನಕ್ಕೆ ಬರುತ್ತೆ. ಸಾಲ್ವೆಂಟಿನ ಗುಣ ಜಿಡ್ಡನ್ನು ತೆಳುಮಾಡೋದು. ಇದು ಬೇಡದ ಜಿಡ್ಡು, ಇದು ಬೇರಿಂಗನ್ನು ಕಾಯುವ ಜಿಡ್ಡು ಅಂತ ಅದಕ್ಕೆ ಭೇದ ಇಲ್ಲ. ಅದಕ್ಕೇ ಡಬ್ಬಿಯ ಮೇಲೆ ಗಾಡಿ ಓಡಿಸಬೇಡಿ, ನಿಂತಲ್ಲೇ ಇಷ್ಟೇ ನಿಮಿಷ ಅಂತ ಬರೆದಿರ್ತಾರೆ. ಕೆಲವರು ಉಳಿತಾಯ ಅಂತ ಆಯಿಲ್‌ಗೆ ಡೀಸೆಲ್ಲು, ಸೀಮೆಎಣ್ಣೆ ಬೆರೆಸಿ ಓಡಿಸುವುದನ್ನು ನೋಡಿದ್ದೇನೆ. ಪೆಟ್ರೋಲ್ ಹಾಕಿದವರೂ ಇದ್ದಾರೆ. ಪೆಟ್ರೋಲಿನ ಆವಿ ಬಿಸಿ ಎಂಜಿನ್ ಹೊಟ್ಟೆಯಲ್ಲಿ ಹೊತ್ತಿಕೊಂಡರೆ ಬೇರಿಂಗ್ ಚಿಂತೆ ಆಮೇಲಿನದು, ಮೊದಲು ಮನುಷ್ಯ ಉಳೀಬೇಕು.

ಹಾಗಾದರೆ ಮಡ್ಡಿ ಬಂದದ್ದು ಎಲ್ಲಿಂದ? ಹಿರಿಯ ಮಿಸ್ತ್ರಿ ಮೊದಲು ಕೇಳಿದ ಪ್ರಶ್ನೆ "ದಿನಕ್ಕೆ ಎಷ್ಟು ಓಡ್ತದೆ?" ಅಂತ. ಬಿಜೈ ಮಾರ್ಕೆಟ್, ಲಾಲ್‌ಬಾಗ್, ಹಂಪನಕಟ್ಟೆ, ಎಲ್ಲ ಎರಡು ಮೂರು ಕಿಲೋಮೀಟರ್. ಸ್ಟಾರ್ಟ್, ನಿಲ್ಲಿಸು, ಮತ್ತೆ ಸ್ಟಾರ್ಟ್. "ಅದೇ ರೋಗ" ಅಂದರು. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಆವಿಯಾಗಿ ಹುಟ್ಟುತ್ತಂತೆ. ನಂಬಲಿಲ್ಲ ನಾನು. ಬೆಳಿಗ್ಗೆ ಚಳಿಯಲ್ಲಿ ಸೈಲೆನ್ಸರ್‌ನಿಂದ ನೀರು ತೊಟ್ಟಿಕ್ಕೋದು ನೆನಪಾದ ಮೇಲೆ ನಂಬಿದೆ. ಅದರಲ್ಲಿ ಬಹುಪಾಲು ಸೈಲೆನ್ಸರ್‌ನಲ್ಲಿ ಹೋದರೂ ಸ್ವಲ್ಪ ಪಿಸ್ಟನ್ ರಿಂಗಿನ ಸಂದಿಯಿಂದ ಕೆಳಗಿಳಿದು ಆಯಿಲ್ ಸೇರುತ್ತೆ, ಜೊತೆಗೆ ಉರಿಯದ ಪೆಟ್ರೋಲು, ಮಸಿ. ದೂರ ಓಡಿದ ಎಂಜಿನ್ ಚೆನ್ನಾಗಿ ಕಾದು ನೀರನ್ನು ಆವಿ ಮಾಡಿ ಹೊರಗೆ ಕಳಿಸುತ್ತೆ. ಅರೆಬರೆ ಕಾದದ್ದು ಒಳಗೇ ಇಟ್ಟುಕೊಳ್ಳುತ್ತೆ. ಮಗ ಮ್ಯಾನುವಲ್ ಪುಸ್ತಕದ ಹತ್ತು ಸಾವಿರ ಕಿಲೋಮೀಟರ್ ಲೆಕ್ಕ ಹಿಡಿದು, ಅದನ್ನೂ ದಾಟಿಸಿದ್ದ. ಹಿಂದಿನ ಇಬ್ಬರು ಮಾಲೀಕರು ಏನು ಮಾಡಿದ್ದರೋ. ಎಂಜಿನ್ ಉಸಿರು ಬಿಡುವ ಸಣ್ಣ ವಾಲ್ವು, ಪೈಪು ಕೂಡ ಕಟ್ಟಿತ್ತು. ಅದು ಕಟ್ಟಿದರೆ ಆವಿಗೆ ಹೊರದಾರಿಯೇ ಇಲ್ಲ.

ಇದು ಬರೀ ಹಳೇ ಗಾಡಿಯ, ಬಡವರ ಕಥೆ ಅಂದುಕೊಳ್ಳಬೇಡಿ. ಅಮೆರಿಕದಲ್ಲಿ ಟೊಯೋಟ ಕಂಪನಿಯ 1997ರಿಂದ 2002ರವರೆಗಿನ ಕೆಲವು ಮಾದರಿಗಳಲ್ಲಿ ಇದೇ ಮಡ್ಡಿಯ ದೂರು ಎದ್ದು, 2002ರಲ್ಲಿ ಕಂಪನಿಯೇ ದುರಸ್ತಿ ಖರ್ಚು ಹೊರಲು ಒಪ್ಪಿತ್ತು.

ಡಬ್ಬಿ ಹಾಕಿದವರೆಲ್ಲರ ಎಂಜಿನ್ ಹೋಗುತ್ತೆ ಅಂತ ನಾನು ಹೇಳುತ್ತಿಲ್ಲ. ಹೊತ್ತಿಗೆ ಸರಿಯಾಗಿ ಆಯಿಲ್ ಬದಲಿಸಿದ ಎಂಜಿನ್ನಿಗೆ ಹಾಕಿದರೆ ಬಹುಶಃ ಏನೂ ಆಗುವುದಿಲ್ಲ. ಆದರೆ ಅಂಥ ಎಂಜಿನ್ನಿಗೆ ಅದು ಬೇಕಾಗಿಯೇ ಇಲ್ಲ. ಬೇಕು ಅನ್ನಿಸುವಷ್ಟು ಮಡ್ಡಿ ಕಟ್ಟಿದ್ದರೆ ಅದಕ್ಕೆ ಹಾಕುವುದು ಅಪಾಯ. ಮತ್ತೆ ಯಾರಿಗಾಗಿ ಈ ಡಬ್ಬಿ? ನನಗಂತೂ ಉತ್ತರ ಸಿಕ್ಕಿಲ್ಲ.

ಪೆಟ್ರೋಲ್ ಟ್ಯಾಂಕಿಗೆ ಹಾಕುವ ಕ್ಲೀನರ್ ಬೇರೆ. ಅದು ಪೆಟ್ರೋಲ್ ಜೊತೆ ಇಂಜೆಕ್ಟರ್ ತೊಳೆದು, ಉರಿದು, ಸೈಲೆನ್ಸರ್‌ನಲ್ಲಿ ಹೊರಗೆ ಹೋಗುತ್ತೆ, ಅದಕ್ಕೆ ಬಾಗಿಲಿದೆ. ಕಾರ್ಬುರೇಟರ್ ಬಿಚ್ಚಿ ಸ್ಪ್ರೇ ಹೊಡೆಯೋದು, ಬಿಚ್ಚಿದ ಭಾಗವನ್ನು ಸೀಮೆಎಣ್ಣೆಯಲ್ಲಿ ಬ್ರಷ್ ಹಾಕಿ ತೊಳೆಯೋದು, ಇವೂ ಸರಿಯೇ. ಅಂಗಡಿಯಲ್ಲಿ ಎಲ್ಲ ಡಬ್ಬಿಗಳನ್ನೂ ಒಂದೇ ಸಾಲಿನಲ್ಲಿ ಇಟ್ಟಿರ್ತಾರೆ, ನಾವು ಎಲ್ಲವೂ ಒಂದೇ ಅಂದುಕೊಳ್ತೀವಿ.

ಮಡ್ಡಿ ಕಂಡರೆ ಮಾಡಬೇಕಾದ್ದು ಏನು? ಹೆಚ್ಚಿದ್ದರೆ ಚೇಂಬರ್ ಬಿಚ್ಚಿಸಿ. ಜಾಲರಿ ತೊಳೆದು, ತಳ ಒರೆಸಿ, ಹೊಸ ಪ್ಯಾಕಿಂಗ್ ಹಾಕಿ ಕೂರಿಸಲು ನಮ್ಮ ಕಾರಿಗೆ ಸಾವಿರದೈನೂರು ಆಗುತ್ತಿತ್ತು ಅಂತ ಮಿಸ್ತ್ರಿ ಹೇಳಿದರು. ಕೆಲವು ಗಾಡಿಗಳಲ್ಲಿ ಅಡ್ಡ ಬರುವ ಭಾಗ ಇಳಿಸಬೇಕು, ಆಗ ಹೆಚ್ಚಾಗುತ್ತೆ. ಸ್ವಲ್ಪವೇ ಇದ್ದರೆ ಕಂಪನಿ ಹೇಳಿದ ಗ್ರೇಡಿನದೇ ಒಳ್ಳೆ ಆಯಿಲ್ ಹಾಕಿ, ಎರಡು ಸಾವಿರ ಕಿಲೋಮೀಟರಿಗೇ ಇಳಿಸಿ, ಫಿಲ್ಟರ್ ಸಮೇತ ಬದಲಿಸಿ. ಹೀಗೆ ಎರಡು ಮೂರು ಬಾರಿ. ಆಯಿಲ್‌ನಲ್ಲೇ ಕೊಳೆ ಬಿಡಿಸುವ, ಬಿಡಿಸಿದ್ದನ್ನು ಪುಡಿಯಾಗಿ ತೇಲಿಸಿ ಇಟ್ಟುಕೊಳ್ಳುವ ಔಷಧ ಬೆರೆಸಿರ್ತಾರೆ. ನಿಧಾನ, ಆದರೆ ಹೆಕ್ಕಳೆ ಏಳುವುದಿಲ್ಲ. ಡೀಸೆಲ್ ಟ್ರ್ಯಾಕ್ಟರ್, ಟಿಲ್ಲರ್ ಇರುವವರು ಆಯಿಲ್ ಬೇಗ ಕಪ್ಪಾಯ್ತು, ಕಳಪೆ ಅಂತ ಅಂಗಡಿಯವನ ಜೊತೆ ಜಗಳ ಮಾಡೋದುಂಟು. ಬಟ್ಟೆ ಒಗೆದ ನೀರು ಕಪ್ಪಾದರೆ ಸೋಪು ಕೆಟ್ಟದ್ದು ಅಂತೀವಾ?

ನಮ್ಮ ಬಯಲುಸೀಮೆಯಲ್ಲಿ ಇನ್ನೊಂದು ಕಾಟ ಧೂಳು. ಶೇಂಗಾ ಹೊಲದ ಕೆಮ್ಮಣ್ಣಿನ ಧೂಳು ಏರ್ ಫಿಲ್ಟರ್ ದಾಟಿ ಒಳಗೆ ಹೋದರೆ ಆಯಿಲ್ ಉಪ್ಪುಕಾಗದ ಆಗುತ್ತೆ. ಹಳೇ ಟ್ರ್ಯಾಕ್ಟರಿನ ಎಣ್ಣೆ ಬಟ್ಟಲಿನ ಏರ್ ಕ್ಲೀನರ್ ಬಿಚ್ಚಿ ತಳದ ಕೆಸರು ತೆಗೆಯುವುದಕ್ಕೆ ಕಾಲು ಗಂಟೆ ಸಾಕು. ಅದನ್ನು ಮಾಡದೆ ಡಬ್ಬಿ ಹುಡುಕುವವರೇ ಜಾಸ್ತಿ.

ಇಳಿಸಿದ ಹಳೇ ಆಯಿಲನ್ನು ಬೇಲಿ ಗೂಟಕ್ಕೆ ಗೆದ್ದಲು ಹಿಡಿಯದಂತೆ ನಾನೂ ಬಳಿಯುತ್ತಿದ್ದೆ. ಈಗ ಬಾವಿ ಹತ್ತಿರ ಬಿಟ್ಟಿದ್ದೇನೆ. ಫ್ಲಶ್ ಬೆರೆತದ್ದು ಇನ್ನೂ ತೆಳು, ಮಣ್ಣಲ್ಲಿ ಬೇಗ ಇಳಿಯುತ್ತೆ. ಚರಂಡಿಗಂತೂ ಸುರಿಯಬಾರದು, ಹಳೇ ಆಯಿಲ್ ಕೊಳ್ಳುವವರು ಗ್ಯಾರೇಜಿಗೆ ಬಂದೇ ಬರ್ತಾರೆ.

ಟಿಲ್ಲರ್, ಪಿಕಪ್ಪು ಇಟ್ಟುಕೊಂಡು ಚೇಂಬರ್ ಬಿಚ್ಚಿಸಿದ ಅನುಭವ ಇರುವವರು ಬರೆಯಿರಿ, ಖರ್ಚಿನ ಲೆಕ್ಕ ಸಮೇತ. ಬಿಜೈಯ ಕಾರು ಈಗ ಓಡುತ್ತಿದೆ. ಬಾನೆಟ್ ಒಳಗೆ ಸೊಸೆ ಒಂದು ರಟ್ಟು ಅಂಟಿಸಿ ಆಯಿಲ್ ಬದಲಿಸಿದ ತಾರೀಖು, ಕಿಲೋಮೀಟರ್ ಬರೆದಿದ್ದಾಳೆ. ವಾರಕ್ಕೊಮ್ಮೆ, ಭಾನುವಾರ ಬೆಳಿಗ್ಗೆ, ಮಗ ಅದನ್ನು ಹೆದ್ದಾರಿಯಲ್ಲಿ ಮೂವತ್ತು ನಲವತ್ತು ಕಿಲೋಮೀಟರ್ ಓಡಿಸಿ ಚೆನ್ನಾಗಿ ಕಾಯಿಸಿ ತರುತ್ತಾನೆ. ಈ ಸಲ ಶೇಂಗಾ ಬೀಜ ನಾನು ಸಾಲಕ್ಕೆ ತಂದು ಬಿತ್ತಿದ್ದೇನೆ.