ಸೇಂದಿಯೂ ಸೀಸೆಯೂ

ಈಚೆಗೆ ಮೌಲ್ಯಮಾಪನದ ಕೆಲಸಕ್ಕೆಂದು ಬೆಂಗಳೂರಿಗೆ ಹೋಗಿದ್ದೆ. ಹಳೆಯ ವಿದ್ಯಾರ್ಥಿಯೊಬ್ಬನು ಸಂಜೆ ಬಂದು, ಬಿಯರನ್ನು ಅಲ್ಲಿಯೇ ಹುದುಗಿಸಿ ಅಲ್ಲಿಯೇ ಬಡಿಸುವ ಒಂದು ಪಾನಗೃಹಕ್ಕೆ ನನ್ನನ್ನು ಒತ್ತಾಯದಿಂದ ಕರೆದೊಯ್ದನು. ಗಾಜಿನ ಗೋಡೆಯಾಚೆ ಆಳೆತ್ತರದ ಉಕ್ಕಿನ ಹಂಡೆಗಳು. “ಇದು ಕಾರ್ಖಾನೆಯ ಮಾಲಲ್ಲ ಸರ್. ಸೋಸಿಲ್ಲ; ಯೀಸ್ಟ್ ಇನ್ನೂ ಜೀವಂತವಿದೆ. ತಾಜಾ ಇರುವಾಗಲೇ ಕುಡಿಯಬೇಕು” ಎಂದನು. ಅರ್ಧ ಲೋಟ ರುಚಿ ನೋಡಿದೆ. ಚೆನ್ನಾಗಿಯೇ ಇತ್ತು. ಹಾಪ್ಸಿನ ಕಹಿ ಬೇವಿನ ಚಿಗುರನ್ನು ನೆನಪಿಗೆ ತಂದಿತು. ನನ್ನ ಊರು ಯಾಪಲದಿನ್ನಿ. ನಮ್ಮ ಗಡಿಯ ತೆಲುಗಿನಲ್ಲಿ ಯಾಪವೆಂದರೆ ಬೇವೇ ತಾನೆ! ಲೋಟದ ಬೆಲೆ ಮಾತ್ರ ನಮ್ಮೂರಿನ ಒಂದು ದಿನದ ಕೂಲಿಗೆ ಸಮೀಪವಾಗಿತ್ತು.

ಕಾರ್ಖಾನೆಯ ಬಿಯರನ್ನು ಹಳಿಯುವುದು ಈಗಿನ ನಾಗರಿಕತೆಯ ಲಕ್ಷಣವಾಗಿದೆ. ನಾನು ಅಷ್ಟು ಹಳಿಯಲಾರೆ. 1915ರಲ್ಲಿ ಯುನೈಟೆಡ್ ಬ್ರೂವರೀಸ್ ಹುಟ್ಟಿದಂದಿನಿಂದ ಬೆಂಗಳೂರಿಗೂ ಬಿಯರಿಗೂ ನಂಟು. ಬಾರ್ಲಿಯ ಜೊತೆಗೆ ಅಗ್ಗದ ಅಕ್ಕಿಯನ್ನೋ ಮೆಕ್ಕೆಜೋಳವನ್ನೋ ಬೆರೆಸಿ, ಸೋಸಿ, ಬಿಸಿಮಾಡಿ ಯೀಸ್ಟನ್ನು ಕೊಂದು ಸೀಸೆಗೆ ತುಂಬುವುದರಿಂದ ರುಚಿ ತೆಳುವಾಗುವುದು ನಿಜ. ಆದರೆ ಮಂಗಳೂರಿನಲ್ಲಿಯೂ ಮಾನವಿಯಲ್ಲಿಯೂ ಒಂದೇ ರುಚಿ ಬರುವಂತೆ ಮಾಡುವುದೂ ಒಂದು ವಿದ್ಯೆಯೇ. ಒಳಗೆ ಎಷ್ಟು ಮದ್ಯಸಾರವಿದೆಯೆಂದು ಸೀಸೆ ಚೀಟಿಯ ಮೇಲೆ ಹೇಳುತ್ತದೆ. ಅದು ಸಣ್ಣ ಮಾತಲ್ಲ. ಇಂಗ್ಲೆಂಡಿನಲ್ಲಿ 1971ರಷ್ಟು ಹಿಂದೆಯೇ ಜೀವಂತ ಬಿಯರಿನ ಪಕ್ಷ ವಹಿಸಿ ಜನ ಸಂಘ ಕಟ್ಟಿದರು. ಅವರ ದೂರು ರುಚಿಯದು. ನನ್ನ ದೂರು ಬೇರೆ.

ಸೋಸದ, ಜೀವಂತವಾದ, ಅಂದಂದೇ ಮುಗಿಸಬೇಕಾದ, ಮಾಡಿದವನ ಮುಖ ಕಂಡೇ ಕುಡಿಯುವ ಪಾನೀಯ! ಶಿಷ್ಯನ ಈ ಹೊಗಳಿಕೆಯಲ್ಲಿ ಒಂದಕ್ಷರವನ್ನೂ ಬದಲಿಸದೆ ನಮ್ಮ ಸೇಂದಿಗೆ ಹೇಳಬಹುದು. ಈಚಲು ಮರದ ತಲೆಯ ಬಳಿ ಕೆತ್ತಿ ಗಡಿಗೆ ಕಟ್ಟಿದರೆ, ನಸುಕಿನಲ್ಲಿ ಇಳಿಯುವ ರಸ ಸಿಹಿನೀರು. ಬಿಸಿಲೇರಿದಂತೆ ಗಾಳಿಯ ಯೀಸ್ಟೇ ಅದನ್ನು ಹುಳಿಯಿಸುತ್ತದೆ. ಮರುದಿನಕ್ಕೆ ಹುಳಿ ಮಿತಿಮೀರಿ ಬಾಯಿಗಿಡಲಾಗದು. ಹಂಡೆಯಿಲ್ಲ, ಹಾಪ್ಸ್ ಇಲ್ಲ. ಶರಣರ ನಡುವೆ ಹೆಂಡದ ಮಾರಯ್ಯನಿಗೂ ಎಡೆಯಿತ್ತೆಂದು ನಾನು ತರಗತಿಯಲ್ಲಿ ಪಾಠ ಹೇಳುತ್ತೇನೆ.

ಆದರೆ ಇಂದು ಉಕ್ಕಿನ ಹಂಡೆಗೆ ಪರವಾನಗಿಯುಂಟು, ನಮ್ಮ ಜಿಲ್ಲೆಯ ಈಚಲು ಮರಕ್ಕಿಲ್ಲ. ದಕ್ಷಿಣ ಕನ್ನಡ, ಉಡುಪಿಗಳಲ್ಲಿ ಸೇಂದಿ ಸಕ್ರಮ; ಗಡಿಯಾಚೆ ತೆಲಂಗಾಣದಲ್ಲಿಯೂ ಸಕ್ರಮ. ನಮ್ಮಲ್ಲಿ ಅದು ಕಳ್ಳಮಾಲು. ಕಳ್ಳಮಾಲಿಗೆ ಮರವೇಕೆ? ನೀರಿಗೆ ಸಿ.ಎಚ್. ಪೌಡರ್, ಅಂದರೆ ಕ್ಲೋರಲ್ ಹೈಡ್ರೇಟ್ ಎಂಬ ನಿದ್ರೆಯ ಮದ್ದು ಬೆರೆಸಿದರೆ ಸಾಕು, ಸೇಂದಿಯೆಂಬ ಹೆಸರು ಬರುತ್ತದೆ. ಅದಕ್ಕೆ ಒಗ್ಗಿದವನಿಗೆ ಒಂದು ದಿನ ಸಿಗದಿದ್ದರೆ ಮೈ ನಡುಗಿ ಬುದ್ಧಿ ಕದಡುತ್ತದೆ. ಬರಿಯ ಪರವಾನಗಿಯೂ ಸಾಲದು: 2025ರ ಜುಲೈಯಲ್ಲಿ ಹೈದರಾಬಾದಿನ ಕೂಕಟ್‌ಪಲ್ಲಿಯಲ್ಲಿ ಕಲಬೆರಕೆ ಸೇಂದಿ ಕುಡಿದು ಹಲವರು ಸತ್ತರು. ಆದ್ದರಿಂದ ನಾನು ಕೇಳುವುದು ಹಂಡೆಗಿರುವಂಥ ತಪಾಸಣೆಯನ್ನೇ: ಯಾವ ಮರ, ಯಾರು ಇಳಿಸಿದರು, ಮರದಿಂದ ಬಂದದ್ದೆಷ್ಟು, ಮಾರಿದ್ದೆಷ್ಟು. ಮರಕ್ಕಿಂತ ಹೆಚ್ಚು ಮಾರಾಟವಾದ ದಿನ ಮೋಸ ತಾನಾಗಿ ಬಯಲಾಗುವುದು.

ಈ ವಾದವನ್ನು ಊರಿನ ಕಟ್ಟೆಯ ಮೇಲೆ ಮಂಡಿಸಿದೆ. ಗಂಡಸರು ತಲೆದೂಗಿದರು, ಅದರಲ್ಲೇನು ಆಶ್ಚರ್ಯ! ಹತ್ತಿ ಬಿಡಿಸಿ ಬರುತ್ತಿದ್ದ ಒಬ್ಬ ತಾಯಿ ಮಾತ್ರ ನಿಂತು, “ಮರದ್ದಾದ್ರೇನ್ರಿ ಮಾಸ್ತರ, ಸೀಸೇದಾದ್ರೇನ್ರಿ, ಹೋಗೋದು ನಮ್ಮ ಕೂಲಿ ರೊಕ್ಕ” ಎಂದಳು. 2007ರಲ್ಲಿ ಸಾರಾಯಿ ನಿಂತಾಗ ಮನೆಗೆ ರೊಕ್ಕ ಉಳಿಯುವುದೆಂದು ನಂಬಿದ್ದವರು ಇವರು. ಸಾರಾಯಿಯ ಜಾಗಕ್ಕೆ ಅಗ್ಗದ ವಿಸ್ಕಿಯ ಪೊಟ್ಟಣ ಬಂತು. 2019ರ ಜನವರಿಯಲ್ಲಿ ಮದ್ಯನಿಷೇಧ ಬೇಡಿ ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ನಡೆದ ಹೆಂಗಸರಲ್ಲಿ ನಮ್ಮ ರಾಯಚೂರು ಸೀಮೆಯವರೂ ಇದ್ದರು.

ನನ್ನ ವಾದವನ್ನು ನಾನು ಹಿಂತೆಗೆದುಕೊಂಡಿಲ್ಲ. ಆದರೆ ಆಕೆಗೆ ಹೇಳಲು ಅಂದು ನನ್ನಲ್ಲಿ ಮಾತಿರಲಿಲ್ಲ. ಬೆಂಗಳೂರಿನ ಆ ಲೋಟದ ಬೆಲೆಯನ್ನಂತೂ ಹೇಳಲಿಲ್ಲ.